ಮನೆಬಾಗಿಲಿಗೆ ಬರುವ ದೆವ್ವಗಳ ವಯಸ್ಸೆಷ್ಟು?

ಅಕ್ಟೋಬರ್ ಅರ್ಧ ಕಳೆಯಿತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹ್ಯಾಲೋವೀನ್ ಪ್ರಶ್ನೆ ತಪ್ಪುವುದಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟಿನ ತಾಯಿಯೊಬ್ಬರಿಗೆ ಮಗಳಿಗೆ ಮಾಟಗಾತಿಯ ವೇಷ ಹಾಕಿ ಕಳಿಸುವುದೋ ಬೇಡವೋ ಎಂಬ ಗೊಂದಲ. ಮೈಸೂರಿನ ನಿವೃತ್ತ ಮೇಷ್ಟರೊಬ್ಬರಿಗೆ ದೀಪಾವಳಿಯ ಹೊತ್ತಿಗೇ ಈ ದೆವ್ವದ ಹಬ್ಬ ಎಲ್ಲಿಂದ ವಕ್ಕರಿಸಿತು ಎಂಬ ಸಿಟ್ಟು. ಮಗನ ಮನೆಗೆಂದು ಅಮೆರಿಕಕ್ಕೆ ಹೋದ ಹಿರಿಯರದು ಇನ್ನೊಂದು ಬಗೆಯ ಕುತೂಹಲ: ಇದು ಅವರ ಪಿತೃಪಕ್ಷವಂತೆ, ಹೌದೇ? ಮೂವರಿಗೂ ಸಾಲುವ ಸಿದ್ಧ ಉತ್ತರವೊಂದು ಎಲ್ಲ ಕಡೆ ಓಡಾಡುತ್ತಿದೆ. ಎರಡು ಸಾವಿರ ವರ್ಷಗಳ ಹಿಂದೆ ಕೆಲ್ಟ್ ಜನ ಸತ್ತವರ ಹಬ್ಬ ಮಾಡುತ್ತಿದ್ದರು, ಪ್ರೇತಗಳನ್ನು ಹೆದರಿಸಲು ವೇಷ ಹಾಕುತ್ತಿದ್ದರು, ಆಮೇಲೆ ಚರ್ಚು ಬಂದು ಅದರ ಮೇಲೆ ತನ್ನ ಹಬ್ಬವನ್ನು ಹೊದಿಸಿತು ಎಂದು. ಕೇಳಲು ಚೆಂದವಾಗಿದೆ. ಆದರೆ ಅದರಲ್ಲಿ ದಾಖಲೆಗಿಂತ ಊಹೆಯೇ ಹೆಚ್ಚು. ಈಗ ನಾವು ನೋಡುತ್ತಿರುವ, ಮಕ್ಕಳು ವೇಷ ತೊಟ್ಟು ಮನೆಮನೆಗೆ ಹೋಗಿ ಮಿಠಾಯಿ ಕೇಳುವ ಹಬ್ಬಕ್ಕೆ ಹೆಚ್ಚೆಂದರೆ ನೂರು ವರ್ಷ. ಅದೂ ತಂಟೆಕೋರ ಹುಡುಗರನ್ನು ಹದ್ದುಬಸ್ತಿನಲ್ಲಿಡಲು ಉತ್ತರ ಅಮೆರಿಕದ ಊರುಗಳು ಕಂಡುಕೊಂಡ ಉಪಾಯ.

ಮೊದಲು ಐರ್ಲೆಂಡಿಗೆ ಹೋಗೋಣ, ಏಕೆಂದರೆ ಕತೆ ಅಲ್ಲಿಂದಲೇ ಶುರುವಾಗುವುದು ನಿಜ. ಅಲ್ಲಿ ನವೆಂಬರ್ 1 ಚಳಿಗಾಲದ ಮೊದಲ ದಿನ, ಹೆಸರು ಸೌವಿನ್. ಬೇಸಿಗೆಯಿಡೀ ಗುಡ್ಡದ ಮೇಲೆ ಮೇಯುತ್ತಿದ್ದ ದನಗಳನ್ನು ಆ ಹೊತ್ತಿಗೆ ಕೆಳಗೆ ಇಳಿಸುತ್ತಿದ್ದರು. ಮೇವು ಸಾಲದಷ್ಟು ದನಗಳಿದ್ದರೆ ಕಡಿದು ಮಾಂಸ ಮಾಡುತ್ತಿದ್ದರು. ಸಾಲ ಲೇವಾದೇವಿ, ರಾಜರ ಸಭೆ, ಔತಣ ಎಲ್ಲ ಆಗಲೇ. ದಿನವೆಂಬುದು ಹಿಂದಿನ ಸಂಜೆ ಸೂರ್ಯ ಮುಳುಗಿದಾಗಲೇ ಶುರುವಾಗುತ್ತಿತ್ತಾದ್ದರಿಂದ ಅಕ್ಟೋಬರ್ 31ರ ರಾತ್ರಿಗೆ ಅಷ್ಟು ಮಹತ್ವ. ಹಳೆಯ ಐರಿಷ್ ಕತೆಗಳಲ್ಲಿ ಆ ರಾತ್ರಿ ದಿಬ್ಬಗಳ ಬಾಯಿ ತೆರೆದುಕೊಳ್ಳುತ್ತದೆ, ಒಳಗಿನ ಅತಿಮಾನುಷ ಜನ ಹೊರಗೆ ಬರುತ್ತಾರೆ. ರಾಸ್ಕಾಮನ್ ಸೀಮೆಯ ರಾತ್‌ಕ್ರೋಹನ್ ಎಂಬಲ್ಲಿ 'ಬೆಕ್ಕುಗಳ ಗುಹೆ' ಎಂದು ಕರೆಯುವ ಒಂದು ಇಕ್ಕಟ್ಟಾದ ಬಿಲ ಇಂದಿಗೂ ಇದೆ. ಹಿಂದಿನ ಕ್ರೈಸ್ತ ಬರಹಗಾರರು ಅದನ್ನು ಐರ್ಲೆಂಡಿನ ನರಕದ್ವಾರ ಎಂದಿದ್ದರು.

ಅದೇ ಊರಿನ ಒಂದು ಕತೆಯನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಸೌವಿನ್ ರಾತ್ರಿ ರಾಜ ಒಂದು ಪಂಥ ಕಟ್ಟುತ್ತಾನೆ: ಹೊರಗೆ ಗಲ್ಲಿಗೇರಿದ ಕೈದಿಯ ಹೆಣದ ಕಾಲಿಗೆ ಬಳ್ಳಿ ಕಟ್ಟಿ ಬರುವ ಧೈರ್ಯ ಯಾರಿಗಿದೆ? ನೇರಾ ಎಂಬುವನು ಹೋಗುತ್ತಾನೆ. ಹೆಣ ಬಾಯಿಬಿಟ್ಟು, ಸಾಯುವಾಗ ಬಾಯಾರಿತ್ತು, ನನ್ನನ್ನು ಹೊತ್ತು ನೀರಿರುವ ಕಡೆ ಕರೆದೊಯ್ಯಿ ಎನ್ನುತ್ತದೆ. ಚಂದಮಾಮ ಓದಿ ಬೆಳೆದವರಿಗೆ ಮುಂದಿನ ದೃಶ್ಯ ಪರಿಚಿತವೇ. ಹೆಣವನ್ನು ಬೆನ್ನ ಮೇಲೆ ಹೊತ್ತು ನೇರಾ ಮನೆಯಿಂದ ಮನೆಗೆ ನಡೆಯುತ್ತಾನೆ. ಒಲೆಯ ಕೆಂಡವನ್ನು ಬೂದಿ ಮುಚ್ಚಿ ಮಲಗಿದ ಮನೆಯ ಸುತ್ತ ಬೆಂಕಿಯ ಬೇಲಿ ಕಾಣಿಸುತ್ತದೆ, ಹೆಣ ಒಳಗೆ ಹೋಗಲಾರದು. ತೊಳೆದ ಬಳಸಿದ ನೀರನ್ನೆಲ್ಲ ಚೆಲ್ಲಿ ಮಲಗಿದ ಮನೆಯ ಸುತ್ತ ಕೆರೆ. ಮೂರನೆಯ ಮನೆಯವರು ಕೊಳೆನೀರನ್ನು ಹಾಗೇ ಬಿಟ್ಟಿದ್ದರು. ಹೆಣ ಅದನ್ನೇ ಕುಡಿದು ಕೊನೆಯ ಗುಟುಕನ್ನು ಮಲಗಿದ್ದವರ ಮುಖಕ್ಕೆ ಉಗುಳಿತು, ಅವರೆಲ್ಲ ಸತ್ತರು. ಮುಸುರೆ ಪಾತ್ರೆ ಹಾಗೇ ಬಿಟ್ಟು ಮಲಗಬೇಡಿ ಎಂದು ನಮ್ಮ ಅಜ್ಜಿಯಂದಿರು ಗದರುತ್ತಿದ್ದುದಕ್ಕೆ ಇದಕ್ಕಿಂತ ಒಳ್ಳೆಯ ಸಮರ್ಥನೆ ನನಗೆ ಸಿಕ್ಕಿಲ್ಲ.

ಕತೆಯೇನೋ ಜೋರಾಗಿದೆ. ಆದರೆ ಇವನ್ನೆಲ್ಲ ಬರೆದಿಟ್ಟವರು ಕ್ರೈಸ್ತ ಸನ್ಯಾಸಿಗಳು, ಐರ್ಲೆಂಡು ಮತಾಂತರವಾಗಿ ಶತಮಾನಗಳು ಕಳೆದ ಮೇಲೆ. ಜನ ಆ ದಿನ ಹಿರಿಯರಿಗೆ ಎಡೆ ಇಡುತ್ತಿದ್ದರು, ಸತ್ತವರನ್ನು ಪೂಜಿಸುತ್ತಿದ್ದರು ಎಂದು ಹೇಳಲು ಅವುಗಳಲ್ಲಿ ಆಧಾರವಿಲ್ಲ. ಸೌವಿನ್ ಎಂದರೆ ಕೆಲ್ಟರ ಹೊಸವರ್ಷ ಎಂದವನು 19ನೇ ಶತಮಾನದ ಕೊನೆಯಲ್ಲಿ ಆಕ್ಸ್‌ಫರ್ಡಿನ ಪ್ರಾಧ್ಯಾಪಕನಾಗಿದ್ದ ಜಾನ್ ರೀಸ್. ಅದು ಮೃತರ ಹಬ್ಬವೂ ಹೌದು ಎಂಬ ಮಾತನ್ನು ಜನಪ್ರಿಯಗೊಳಿಸಿದವನು 'ದಿ ಗೋಲ್ಡನ್ ಬೌ' ಬರೆದ ಜೇಮ್ಸ್ ಫ್ರೇಜರ್. ಬ್ರಿಸ್ಟಲ್ ವಿಶ್ವವಿದ್ಯಾಲಯದ ಇತಿಹಾಸಕಾರ ರೊನಾಲ್ಡ್ ಹಟನ್ 1996ರಲ್ಲಿ ಬ್ರಿಟನ್ನಿನ ಹಬ್ಬಗಳ ಬಗ್ಗೆ ಬರೆದ ದೊಡ್ಡ ಪುಸ್ತಕದಲ್ಲಿ ಈ ಎರಡೂ ಮಾತುಗಳನ್ನು ಒರೆಗೆ ಹಚ್ಚಿ, ಆಧಾರ ತೀರಾ ತೆಳು ಎಂದು ತೋರಿಸಿದರು. ಅಷ್ಟು ಹೊತ್ತಿಗೆ ಊಹೆ ಶಾಲೆಯ ಪಾಠವಾಗಿತ್ತು.

ಹಾಗಾದರೆ ಸತ್ತವರು ಈ ಹಬ್ಬಕ್ಕೆ ಬಂದದ್ದು ಹೇಗೆ? ಚರ್ಚಿನ ಮೂಲಕವೇ. ಕ್ರಿ.ಶ. 609ರಲ್ಲಿ ನಾಲ್ಕನೆಯ ಬೋನಿಫೇಸ್ ಪೋಪ್ ರೋಮಿನ ಪ್ಯಾಂಥಿಯನ್ ದೇಗುಲವನ್ನು ಮೇರಿಗೂ ಹುತಾತ್ಮರಿಗೂ ಅರ್ಪಿಸಿದ್ದು ಮೇ 13ರಂದು. ಸಕಲ ಸಂತರನ್ನು ನವೆಂಬರ್ 1ರಂದು ಸ್ಮರಿಸುವ ಪದ್ಧತಿ 800ರ ಸುಮಾರಿಗೆ ಇಂಗ್ಲೆಂಡಿನಲ್ಲೂ ಜರ್ಮನ್ ಸೀಮೆಗಳಲ್ಲೂ ಕಾಣಿಸುತ್ತದೆ. 835ರಲ್ಲಿ ಫ್ರಾಂಕ್ ಸಾಮ್ರಾಜ್ಯವೆಲ್ಲ ಅದನ್ನು ಒಪ್ಪಿಕೊಂಡಿತು. ಸೌವಿನ್ ಹಬ್ಬವನ್ನು ಅಡಗಿಸಲೆಂದೇ ಚರ್ಚು ಈ ದಿನ ಆರಿಸಿತು ಎನ್ನುವವರು ಒಂದು ಸಂಗತಿಯನ್ನು ಗಮನಿಸುವುದಿಲ್ಲ: ಅದೇ ಕಾಲದಲ್ಲಿ ಐರ್ಲೆಂಡಿನ ಚರ್ಚು ಸಂತರ ಹಬ್ಬ ಆಚರಿಸುತ್ತಿದ್ದುದು ಏಪ್ರಿಲ್ 20ಕ್ಕೆ. ಹತ್ತಿಕ್ಕಬೇಕಾದ ಹಬ್ಬ ಯಾವ ನಾಡಿನಲ್ಲಿತ್ತೋ ಆ ನಾಡಿನಲ್ಲೇ ಹೊಸ ಹಬ್ಬ ಬೇರೆ ದಿನ! ಮುಂದೆ ಕ್ಲೂನಿ ಮಠದ ಗುರು ಓಡಿಲೋ 11ನೇ ಶತಮಾನದ ಆಸುಪಾಸಿನಲ್ಲಿ ನವೆಂಬರ್ 2ನ್ನು ಸಕಲ ಮೃತರ ಪ್ರಾರ್ಥನೆಗೆ ಮೀಸಲಿಟ್ಟ. ಶುದ್ಧೀಕರಣ ಲೋಕದಲ್ಲಿ ಬೇಯುತ್ತಿರುವ ಆತ್ಮಗಳಿಗೆ ಬದುಕಿರುವವರ ಪ್ರಾರ್ಥನೆಯಿಂದ ಬಿಡುಗಡೆ ಎಂಬ ನಂಬಿಕೆ ಅದರ ಬೆನ್ನಿಗಿತ್ತು. ಪಿತೃಪಕ್ಷದ ಪ್ರಶ್ನೆ ಕೇಳುವ ಹಿರಿಯರೇ, ನೀವು ಹುಡುಕುತ್ತಿರುವ ಹೋಲಿಕೆ ಇರುವುದು ಈ ನವೆಂಬರ್ 2ರಲ್ಲಿ. ಹ್ಯಾಲೋವೀನ್ ಎಂಬುದು ಸಂತರ ಹಬ್ಬದ ಹಿಂದಿನ ಸಂಜೆ, ಅಷ್ಟೆ.

ಇಂಗ್ಲೆಂಡಿನ ಬಡವರು ಈ ದಿನಗಳಲ್ಲಿ ಉಳ್ಳವರ ಬಾಗಿಲಿಗೆ ಹೋಗಿ, ನಿಮ್ಮ ಮನೆಯ ಸತ್ತವರಿಗಾಗಿ ಪ್ರಾರ್ಥಿಸುತ್ತೇವೆ ಎಂದು ಹೇಳಿ ಸಣ್ಣ ರೊಟ್ಟಿಯಂಥ 'ಸೋಲ್ ಕೇಕ್' ಪಡೆಯುತ್ತಿದ್ದರು. ಆ ದಿನದ ಭಿಕ್ಷುಕರ ರಾಗ ಎಷ್ಟು ಪರಿಚಿತವಾಗಿತ್ತೆಂದರೆ ಷೇಕ್ಸ್‌ಪಿಯರ್ 'ದಿ ಟು ಜೆಂಟಲ್‌ಮೆನ್ ಆಫ್ ವೆರೋನಾ' ನಾಟಕದಲ್ಲಿ ಪ್ರೇಮಿಯೊಬ್ಬನ ಗೋಳನ್ನು ಗೇಲಿ ಮಾಡಲು ಅದನ್ನೇ ಬಳಸಿದ. ಆದರೆ ಷೇಕ್ಸ್‌ಪಿಯರನ ಕಾಲಕ್ಕಾಗಲೇ ಈ ಹಬ್ಬದ ಬುಡಕ್ಕೆ ಏಟು ಬಿದ್ದಿತ್ತು. ಮಾರ್ಟಿನ್ ಲೂಥರ್ ತನ್ನ 95 ಆಕ್ಷೇಪಗಳನ್ನು ಹೊರಗೆಡವಿದ್ದು 1517ರ ಅಕ್ಟೋಬರ್ 31ರಂದು. ದಿನ ಕಾಕತಾಳೀಯವಲ್ಲ. ವಿಟೆನ್‌ಬರ್ಗಿನ ಕೋಟೆಯ ಚರ್ಚು ಸಕಲ ಸಂತರ ಹೆಸರಿನದೇ, ಮರುದಿನ ಅಲ್ಲಿ ಸಂತರ ಅವಶೇಷಗಳ ದರ್ಶನಕ್ಕೆ ಜನ ಸೇರುತ್ತಿದ್ದರು. ಲೂಥರ್ ಬಾಗಿಲಿಗೆ ಮೊಳೆ ಹೊಡೆದನೋ ಇಲ್ಲವೋ ಎಂಬ ಜಗಳ ಇನ್ನೂ ಮುಗಿದಿಲ್ಲ, ಆರ್ಚ್‌ಬಿಷಪ್ಪನಿಗೆ ಆ ದಿನ ಪತ್ರ ಬರೆದದ್ದಂತೂ ನಿಜ. ಶುದ್ಧೀಕರಣ ಲೋಕವೇ ಸುಳ್ಳು ಎಂದಮೇಲೆ ಸತ್ತವರ ಹೆಸರಿನ ರೊಟ್ಟಿಗೆ ಅರ್ಥವೇನು? ಪ್ರೊಟೆಸ್ಟೆಂಟ್ ಇಂಗ್ಲೆಂಡಿನಲ್ಲಿ ಹಬ್ಬ ಸೊರಗಿತು. 1605ರಲ್ಲಿ ಸಂಸತ್ತನ್ನು ಸಿಡಿಸಲು ಹೊರಟ ಗೈ ಫಾಕ್ಸ್ ಸಿಕ್ಕಿಬಿದ್ದ ಮೇಲೆ ನವೆಂಬರ್ 5ರ ಬೆಂಕಿಯೇ ಅಲ್ಲಿನ ಶರತ್ಕಾಲದ ಹಬ್ಬವಾಯಿತು.

ಉಳಿದುಕೊಂಡದ್ದು ಸ್ಕಾಟ್ಲೆಂಡ್ ಮತ್ತು ಐರ್ಲೆಂಡುಗಳಲ್ಲಿ, ಅದೂ ಆಟವಾಗಿ. ಸ್ಕಾಟಿಷ್ ಕವಿ ರಾಬರ್ಟ್ ಬರ್ನ್ಸ್ 1785ರಲ್ಲಿ ಇದೇ ಹೆಸರಿನ ಉದ್ದನೆಯ ಪದ್ಯ ಬರೆದ. ಅದನ್ನು ಓದಿದರೆ ಅಂದಿನ ಹಬ್ಬದಲ್ಲಿ ದೆವ್ವಕ್ಕಿಂತ ಮದುವೆಯ ಚಿಂತೆಯೇ ದೊಡ್ಡದಾಗಿತ್ತೆಂದು ತಿಳಿಯುತ್ತದೆ. ಕತ್ತಲಲ್ಲಿ ಹೊಲದಿಂದ ಕೇಲ್ ಸೊಪ್ಪಿನ ದಂಟು ಕೀಳಬೇಕು, ದಂಟು ನೆಟ್ಟಗಿದ್ದರೆ ಗಂಡ ನೆಟ್ಟಗಿರುತ್ತಾನೆ. ಬೆಂಕಿಯಲ್ಲಿ ಎರಡು ಕಾಯಿ ಹಾಕಿದಾಗ ಒಟ್ಟಿಗೆ ಉರಿದರೆ ಜೋಡಿ ಗಟ್ಟಿ, ಒಂದು ಸಿಡಿದು ಹಾರಿದರೆ ಸಂಬಂಧ ಮುರಿದಂತೆ. ಐರ್ಲೆಂಡಿನಲ್ಲಿ ಒಣಹಣ್ಣು ಹಾಕಿದ ಬಾರ್ಮ್‌ಬ್ರ್ಯಾಕ್ ಎಂಬ ಬ್ರೆಡ್ಡಿನೊಳಗೆ ಉಂಗುರ ಅಡಗಿಸಿಡುತ್ತಾರೆ, ಯಾರ ಹೋಳಿನಲ್ಲಿ ಸಿಕ್ಕಿತೋ ಅವರ ಮದುವೆ ಹತ್ತಿರ. ಹುಡುಗರು ಮುಖಕ್ಕೆ ಮಸಿ ಬಳಿದು ಮನೆಮನೆ ಸುತ್ತುತ್ತಿದ್ದರು. ಕೈಯಲ್ಲಿ ಟರ್ನಿಪ್ ಗೆಡ್ಡೆ ಕೊರೆದು ಮಾಡಿದ ದೀಪ. ಡಾನಿಗಾಲ್ ಸೀಮೆಯ ಅಂಥದೊಂದು ಗೆಡ್ಡೆಯ ಪಡಿಯಚ್ಚು ಐರ್ಲೆಂಡಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಚಿತ್ರ ಹುಡುಕಿ ನೋಡಿ. ಬತ್ತಿದ ಕೆನ್ನೆ, ಗುಳಿಬಿದ್ದ ಕಣ್ಣು, ಮುರುಕು ಹಲ್ಲು, ನಿಜವಾಗಿಯೂ ಹೆದರಿಕೆಯಾಗುತ್ತದೆ. ಈಗಿನ ನಗುಮುಖದ ಕುಂಬಳಕಾಯಿ ಅದರ ಮುಂದೆ ಏನೂ ಅಲ್ಲ.

1845ರಿಂದ 1852ರವರೆಗಿನ ಆಲೂಗಡ್ಡೆ ಕ್ಷಾಮದಲ್ಲಿ ಐರ್ಲೆಂಡಿನಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಅದಕ್ಕಿಂತ ಹೆಚ್ಚು ಜನ ಹಡಗು ಹತ್ತಿದರು. ಅವರ ಜೊತೆ ಹಬ್ಬವೂ ಅಟ್ಲಾಂಟಿಕ್ ದಾಟಿತು. ಗಟ್ಟಿ ಗೆಡ್ಡೆಯನ್ನು ಕೆರೆಯುವ ಕಷ್ಟ ಅಲ್ಲಿರಲಿಲ್ಲ, ಒಳಗೆ ಪೊಳ್ಳಾಗಿರುವ ಕುಂಬಳಕಾಯಿ ಹೊಲದ ತುಂಬ ಇತ್ತು. ನಾವು ಹುಳಿಗೆ ಹಾಕುವ ಸಿಹಿಗುಂಬಳವೂ ಮೂಲದಲ್ಲಿ ಅಮೆರಿಕ ಖಂಡದ್ದೇ ಎಂಬುದನ್ನು ಪರದೇಶಿ ಹಬ್ಬದ ಬಗ್ಗೆ ಸಿಟ್ಟಾಗಿರುವ ಮೇಷ್ಟರ ಗಮನಕ್ಕೆ ತರಬಯಸುತ್ತೇನೆ.

ಅಮೆರಿಕದಲ್ಲಿ 20ನೇ ಶತಮಾನದ ಆರಂಭಕ್ಕೆ ಹ್ಯಾಲೋವೀನ್ ಎಂದರೆ ಹುಡುಗರ ದಾಂಧಲೆಯ ರಾತ್ರಿ. ಕಾಮನ ಹುಣ್ಣಿಮೆಗೆ ನಮ್ಮ ಹಳ್ಳಿಯ ಹುಡುಗರು ಕಂಡವರ ಹಿತ್ತಲಿನಿಂದ ಸೌದೆ, ಬೆರಣಿ, ಮುರುಕು ಬಾಗಿಲು ಎತ್ತಿಕೊಂಡು ಹೋಗುವುದನ್ನು ಊರು ನೋಡಿಯೂ ನೋಡದಂತೆ ಬಿಡುತ್ತದಲ್ಲ, ಹಾಗೆಯೇ ಅಲ್ಲಿಯೂ ಆ ಒಂದು ರಾತ್ರಿಗೆ ಮಾಫಿ ಇತ್ತು. ಗೇಟು ಕಿತ್ತು ಮರಕ್ಕೆ ನೇತುಹಾಕುವುದು, ಗಾಡಿಯನ್ನು ಕೊಟ್ಟಿಗೆಯ ಸೂರಿನ ಮೇಲೆ ಏರಿಸುವುದು, ಕಿಟಕಿಗೆ ಸೋಪು ಬಳಿಯುವುದು. ಹಳ್ಳಿಯಲ್ಲಿ ಎಲ್ಲರಿಗೂ ಎಲ್ಲರ ಗುರುತಿರುವಾಗ ಇದು ನಡೆಯುತ್ತದೆ. ಹಬ್ಬ ನಗರಕ್ಕೆ ಬಂದಾಗ ಕಾರು ಮಗುಚುವುದು, ಬೀದಿದೀಪ ಒಡೆಯುವುದು, ಬೆಂಕಿ ಹಚ್ಚುವುದು ಎಂದು ಬೆಳೆಯಿತು. 1930ರ ದಶಕದ ಆರ್ಥಿಕ ಕುಸಿತದ ದಿನಗಳಲ್ಲಿ ಹಲವು ಪಟ್ಟಣಗಳು ಈ ಹಬ್ಬವನ್ನೇ ನಿಷೇಧಿಸಬೇಕೇ ಎಂದು ಯೋಚಿಸಿದವು. 1942ರಲ್ಲಿ ಷಿಕಾಗೋ ನಗರಸಭೆ ಹ್ಯಾಲೋವೀನ್ ರದ್ದುಮಾಡಿ ಅದೇ ದಿನ 'ಸಂರಕ್ಷಣಾ ದಿನ' ಆಚರಿಸಬೇಕೆಂದು ಮತ ಹಾಕಿತ್ತು. ಹುಡುಗರು ಅದನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡರೆಂದು ಬೇರೆ ಹೇಳಬೇಕಿಲ್ಲ.

ನಿಷೇಧಕ್ಕಿಂತ ಲಂಚವೇ ಪರಿಣಾಮಕಾರಿ ಎಂದು ಊರುಗಳಿಗೆ ಹೊಳೆದದ್ದು ಹೀಗೆ. ಮಿನ್ನೆಸೋಟದ ಅನೋಕಾ ಪಟ್ಟಣ 1920ರಲ್ಲೇ ಹುಡುಗರನ್ನು ಮೆರವಣಿಗೆ, ತಿಂಡಿ, ಬೆಂಕಿಯಾಟಗಳಲ್ಲಿ ತೊಡಗಿಸಿ ತಂಟೆ ತಪ್ಪಿಸಿತು. ತನ್ನನ್ನು ತಾನೇ ಜಗತ್ತಿನ ಹ್ಯಾಲೋವೀನ್ ರಾಜಧಾನಿ ಎಂದು ಅದು ಇಂದಿಗೂ ಕರೆದುಕೊಳ್ಳುತ್ತದೆ. ಮನೆಗಳವರು ಬಾಗಿಲಿಗೆ ಬಂದ ಹುಡುಗರಿಗೆ ತಿನ್ನಲು ಕೊಟ್ಟು ಗೇಟು ಉಳಿಸಿಕೊಂಡರು. 'ಟ್ರಿಕ್ ಆರ್ ಟ್ರೀಟ್', ಅಂದರೆ ಕೊಡುತ್ತೀರೋ ಕಾಟ ಕೊಡೋಣವೋ ಎಂಬ ಈ ಬೆದರಿಕೆ ಮೊದಲು ಅಚ್ಚಾದದ್ದು ಅಮೆರಿಕದಲ್ಲೂ ಅಲ್ಲ, 1920ರ ದಶಕದ ಆಸುಪಾಸಿನ ಕೆನಡಾದ ಪತ್ರಿಕೆಗಳಲ್ಲಿ. ಎರಡನೇ ಮಹಾಯುದ್ಧದ ಸಕ್ಕರೆ ಪಡಿತರ 1942ರಿಂದ 1947ರವರೆಗೆ ಅದಕ್ಕೆ ತಡೆಹಾಕಿತು. ಪಡಿತರ ಮುಗಿದದ್ದು, ಊರಾಚೆ ಹೊಸ ಬಡಾವಣೆಗಳು ಎದ್ದದ್ದು, ಯುದ್ಧದಿಂದ ಮರಳಿದವರ ಮನೆಗಳಲ್ಲಿ ತೊಟ್ಟಿಲು ತುಂಬಿದ್ದು ಎಲ್ಲ ಹೆಚ್ಚುಕಡಿಮೆ ಒಟ್ಟಿಗೆ. ಮಿಠಾಯಿ ಕಂಪನಿಗಳು ಸುಮ್ಮನಿರಲಿಲ್ಲ. ನಾವು ಸಿನಿಮಾಗಳಲ್ಲಿ ನೋಡುವ ಹ್ಯಾಲೋವೀನ್ ಹುಟ್ಟಿದ್ದು ಆಗ.

ನ್ಯೂಜೆರ್ಸಿಯಲ್ಲಿ ಅಣ್ಣನ ಮಗಳ ಮನೆಯಲ್ಲಿದ್ದಾಗ ಮಿಠಾಯಿ ಹಂಚುವ ಕೆಲಸ ನನ್ನ ಪಾಲಿಗೆ ಬಂದಿತ್ತು. 'ಚಿಕ್ಕಪ್ಪ, ಒಬ್ಬರಿಗೆ ಎರಡೇ ಕೊಡಿ, ಮುದ್ದಾಗಿದ್ದಾರೆ ಅಂತ ಬೊಗಸೆ ತುಂಬ ಹಾಕಬೇಡಿ' ಎಂದು ಅವಳು ಮೊದಲೇ ಎಚ್ಚರಿಸಿದ್ದಳು. ಅಲ್ಲಿನ ಕಟ್ಟಳೆ ಬಲು ಸರಳ. ಜಗುಲಿಯ ದೀಪ ಉರಿಯುತ್ತಿದ್ದರೆ ಬರಬಹುದು, ಆರಿದ್ದರೆ ಆ ಮನೆಯ ತಂಟೆಗೆ ಹೋಗುವಂತಿಲ್ಲ. ಚಳಿಗೆ ಅಮ್ಮ ಜಾಕೆಟ್ ತೊಡಿಸಿದ್ದರಿಂದ ಬಾಲವೊಂದೇ ಕಾಣುತ್ತಿದ್ದ ಡೈನೋಸಾರ್, ಕನ್ನಡಕ ಹಾಕಿದ ಅಸ್ಥಿಪಂಜರ, ಯಾವ ವೇಷವೆಂದು ಕೇಳಿದ್ದಕ್ಕೆ ಮುನಿಸಿಕೊಂಡ ರಾಜಕುಮಾರಿ ಎಲ್ಲ ಬಂದುಹೋದರು. ಪಕ್ಕದ ಮನೆಗೆ ಹಾಸನದಿಂದ ಬಂದಿದ್ದ ಅಜ್ಜಿಯೊಬ್ಬರು ನನ್ನ ಬಳಿ ನಿಂತು, 'ಇದೇನಪ್ಪ, ಉಂಡುಟ್ಟ ಮನೆ ಮಕ್ಕಳು ಹೀಗೆ ಬೇಡ್ಕೊಂಡು ಬರೋದು' ಎಂದು ಬೇಸರ ಮಾಡಿಕೊಂಡರು. ಬೇಡುವುದು ಈ ಹಬ್ಬದ ಅತಿ ಹಳೆಯ ಅಂಗ, ಬೇಡುವವರು ಮಾತ್ರ ಬದಲಾಗಿದ್ದಾರೆ ಎಂದು ಹೇಳಿದೆ. ಅವರಿಗೇನೂ ಸಮಾಧಾನವಾಗಲಿಲ್ಲ. ರಾತ್ರಿ ಮಕ್ಕಳು ಚೀಲ ಸುರುವಿಕೊಂಡು ನೆಲದ ಮೇಲೆ ಚಾಕೊಲೇಟ್ ವಿನಿಮಯಕ್ಕೆ ಕೂತಾಗ ಅಲ್ಲಿ ನಡೆದ ಚೌಕಾಸಿ ಯಶವಂತಪುರದ ಮಂಡಿಯವರನ್ನೂ ನಾಚಿಸುವಂತಿತ್ತು. ಮರುದಿನ ನವೆಂಬರ್ 1. ಅದೇ ಮಕ್ಕಳು ಕನ್ನಡ ಕೂಟದ ರಾಜ್ಯೋತ್ಸವಕ್ಕೆ ಕುಣಿತ ಕಲಿಯಬೇಕಿತ್ತು.

ಮನೆಗೆ ಬಂದ ಚೀಲವನ್ನು ತಾಯಂದಿರು ತಪಾಸಣೆ ಮಾಡುವುದನ್ನೂ ಅಲ್ಲಿ ನೋಡಿದೆ. ಅಪರಿಚಿತರು ಸೇಬಿನಲ್ಲಿ ಬ್ಲೇಡು, ಚಾಕೊಲೇಟಿನಲ್ಲಿ ವಿಷ ಇಡುತ್ತಾರೆಂಬ ಭಯ 1970ರ ದಶಕದಿಂದ ಅಮೆರಿಕವನ್ನು ಬಿಟ್ಟಿಲ್ಲ. ಸಮಾಜಶಾಸ್ತ್ರಜ್ಞ ಜೋಯೆಲ್ ಬೆಸ್ಟ್ ಹಳೆಯ ಪತ್ರಿಕೆಗಳನ್ನೆಲ್ಲ ಜಾಲಾಡಿದರು. ಯಾರೋ ಅಪರಿಚಿತರು ಕೊಟ್ಟ ಹ್ಯಾಲೋವೀನ್ ಮಿಠಾಯಿಯಿಂದ ಮಗು ಸತ್ತ ಒಂದು ಪ್ರಕರಣವೂ ಅವರಿಗೆ ಸಿಗಲಿಲ್ಲ. 1974ರಲ್ಲಿ ಟೆಕ್ಸಾಸಿನಲ್ಲಿ ಎಂಟು ವರ್ಷದ ಹುಡುಗನೊಬ್ಬ ಸಯನೈಡ್ ಬೆರೆಸಿದ ಮಿಠಾಯಿ ತಿಂದು ಸತ್ತದ್ದು ನಿಜ, ವಿಷ ಇಟ್ಟವನು ವಿಮೆ ಹಣಕ್ಕೆ ಆಸೆಪಟ್ಟ ಅವನ ಸ್ವಂತ ಅಪ್ಪ. ಆದರೂ ಭಯ ಉಳಿಯಿತು, ಅದು ಹಬ್ಬವನ್ನೇ ಬದಲಿಸಿತು. ಮಕ್ಕಳು ತಾವಾಗಿ ಬೀದಿ ಸುತ್ತುವುದು ಕಡಿಮೆಯಾಗಿ ಅಪ್ಪ ಅಮ್ಮ ಹಿಂದೆ ಹಿಂದೆ ನಡೆಯತೊಡಗಿದರು. ಕೆಲವು ಕಡೆ ಚರ್ಚಿನ ಅಥವಾ ಶಾಲೆಯ ಆವರಣದಲ್ಲಿ ಕಾರುಗಳನ್ನು ಸಾಲಾಗಿ ನಿಲ್ಲಿಸಿ, ಡಿಕ್ಕಿ ತೆರೆದು, ಅಲ್ಲಿಂದಲೇ ಮಿಠಾಯಿ ಹಂಚುತ್ತಾರೆ. ಕತ್ತಲೂ ಇಲ್ಲ, ಬಾಗಿಲೂ ಇಲ್ಲ. ಇನ್ನೊಂದು ಕಡೆ ದೊಡ್ಡವರು ಹಬ್ಬವನ್ನು ತಮ್ಮದಾಗಿಸಿಕೊಂಡರು. 2023ರಲ್ಲಿ ಅಮೆರಿಕನ್ನರು ಹ್ಯಾಲೋವೀನ್‌ಗೆ 1,220 ಕೋಟಿ ಡಾಲರ್ ಖರ್ಚು ಮಾಡುವರೆಂದು ಅಲ್ಲಿನ ಚಿಲ್ಲರೆ ವ್ಯಾಪಾರಿಗಳ ಒಕ್ಕೂಟ ಅಂದಾಜು ಮಾಡಿತ್ತು.

ಹಬ್ಬಗಳು ಹೇಗೆ ಹುಟ್ಟುತ್ತವೆ ಎಂಬುದಕ್ಕೆ ನನಗೆ ಬಲು ಇಷ್ಟವಾದ ಉದಾಹರಣೆ ಮೆಕ್ಸಿಕೋದ್ದು. ಅಲ್ಲಿ ನವೆಂಬರ್ 1 ಮತ್ತು 2 ಮೃತರ ದಿನಗಳು. ಮನೆಯಲ್ಲಿ ಸತ್ತವರ ಫೋಟೋ ಇಟ್ಟು ಚೆಂಡುಹೂ ಹರಡಿ ಅವರಿಗಿಷ್ಟದ ತಿನಿಸು ಬಡಿಸುತ್ತಾರೆ. 2015ರಲ್ಲಿ ಬಂದ ಜೇಮ್ಸ್ ಬಾಂಡ್ ಸಿನಿಮಾ 'ಸ್ಪೆಕ್ಟರ್' ಮೆಕ್ಸಿಕೋ ನಗರದಲ್ಲಿ ಅಸ್ಥಿಪಂಜರಗಳ ಭಾರೀ ಮೆರವಣಿಗೆಯ ದೃಶ್ಯದೊಂದಿಗೆ ಶುರುವಾಗುತ್ತದೆ. ಅಂಥ ಮೆರವಣಿಗೆ ಆ ನಗರದಲ್ಲಿ ಇರಲೇ ಇಲ್ಲ, ಸಿನಿಮಾದವರ ಕಲ್ಪನೆ. ಪ್ರವಾಸಿಗರು ಅದನ್ನು ನೋಡಲೆಂದೇ ಬಂದಾರೆಂದು 2016ರಿಂದ ಸರ್ಕಾರವೇ ಮೆರವಣಿಗೆ ಶುರುಮಾಡಿತು. ಇನ್ನೈವತ್ತು ವರ್ಷ ಕಳೆದರೆ ಅದೂ ಪುರಾತನವೇ. ಅತ್ತ ಐರ್ಲೆಂಡಿನ ಮಕ್ಕಳೂ ಈಗ ಟರ್ನಿಪ್ ಬಿಟ್ಟು ಕುಂಬಳಕಾಯಿ ಕೊರೆಯುತ್ತಾರೆ. ಏಷ್ಯಾದ ನಗರಗಳಲ್ಲಿ ಹ್ಯಾಲೋವೀನ್ ಯುವಕರ ಬೀದಿ ಜಾತ್ರೆ. 2022ರ ಅಕ್ಟೋಬರ್ 29ರಂದು ಸೋಲ್ ನಗರದ ಇಟೇವಾನ್ ಓಣಿಯ ನೂಕುನುಗ್ಗಲಿನಲ್ಲಿ 159 ಜನ ಪ್ರಾಣ ಕಳೆದುಕೊಂಡರು. ಗುಂಪನ್ನು ನಿಭಾಯಿಸುವ ಹೊಣೆ ಯಾರದೆಂದು ಗೊತ್ತಿಲ್ಲದ ಹಬ್ಬದಲ್ಲಿ ಹೀಗಾಗುತ್ತದೆ. ಕೋರಮಂಗಲ, ಇಂದಿರಾನಗರಗಳ ಪಬ್ಬುಗಳ ಮುಂದೆ ಆ ರಾತ್ರಿ ಸೇರುವ ಜನರನ್ನು ಕಂಡಾಗ ನನಗೆ ಚಿಂತೆಯಾಗುವುದು ಸಂಸ್ಕೃತಿಯ ಬಗ್ಗೆ ಅಲ್ಲ, ಹೊರಗೆ ಹೋಗುವ ದಾರಿಯ ಬಗ್ಗೆ.

ಈ ಎಲ್ಲದರ ನಡುವೆ ಮೂಲದ ಒಂದು ಎಳೆ ನಮ್ಮಲ್ಲಿ ಸದ್ದಿಲ್ಲದೆ ನಡೆದುಕೊಂಡು ಬಂದಿದೆ. ನವೆಂಬರ್ 2ರಂದು ಬೆಂಗಳೂರಿನ ಹೊಸೂರು ರಸ್ತೆಯ ಕ್ರೈಸ್ತ ಸ್ಮಶಾನದ ಮುಂದೆ ಹೂ, ಮೇಣದಬತ್ತಿ ಮಾರುವವರು ಬೆಳಗ್ಗೆಯೇ ಕೂತಿರುತ್ತಾರೆ. ಮಂಗಳೂರಿನ ಇಗರ್ಜಿಗಳ ಅಂಗಳದಲ್ಲೂ ಅಂದು ಸಮಾಧಿಗಳನ್ನು ತೊಳೆದು, ಹೂವಿಟ್ಟು, ದೀಪ ಹಚ್ಚಿ ಪ್ರಾರ್ಥಿಸುತ್ತಾರೆ. ಹಳೆಯ ಸಹೋದ್ಯೋಗಿಯೊಬ್ಬರ ಜೊತೆ ಒಮ್ಮೆ ಹೋಗಿದ್ದೆ. ಅವರು ಅಪ್ಪನ ಸಮಾಧಿಯ ಹುಲ್ಲು ಕಿತ್ತು, ಪಕ್ಕದಲ್ಲಿ ಯಾರೂ ಬಾರದೆ ಪಾಳು ಬಿದ್ದಿದ್ದ ಸಮಾಧಿಗೂ ಒಂದು ಮೇಣದಬತ್ತಿ ಹಚ್ಚಿದರು. ವೇಷ, ಮಿಠಾಯಿ, ಕುಂಬಳಕಾಯಿ ಯಾವುದೂ ಅಲ್ಲಿರಲಿಲ್ಲ. ಸಾವಿರ ವರ್ಷದ ಹಿಂದಿನ ಪದ್ಧತಿ ನೋಡಬೇಕೆನ್ನುವವರು ಹೋಗಬೇಕಾದದ್ದು ಅಲ್ಲಿಗೆ.

ಆದ್ದರಿಂದ ಮೇಷ್ಟರೇ, ಮಕ್ಕಳು ವೇಷ ಹಾಕಿ ಎರಡು ಚಾಕೊಲೇಟ್ ಗಿಟ್ಟಿಸಿಕೊಂಡರೆ ದೀಪಾವಳಿಗೆ ಕುಂದೇನೂ ಬಾರದು. ಮಗಳ ತಾಯಿಗೆ ನನ್ನ ಉತ್ತರ: ಧಾರಾಳವಾಗಿ ಕಳಿಸಿ, ಕಪ್ಪು ಬಟ್ಟೆಯಲ್ಲಿ ಕತ್ತಲಲ್ಲಿ ವಾಹನ ಓಡಾಡುವ ಕಡೆ ಮಾತ್ರ ಬಿಡಬೇಡಿ. ಅಪಾರ್ಟ್‌ಮೆಂಟ್ ಸಂಘದವರಲ್ಲಿ ನನ್ನದೊಂದೇ ಕೋರಿಕೆ. ಬಾಗಿಲು ತಟ್ಟಿಸಿಕೊಳ್ಳಲು ಇಷ್ಟವಿಲ್ಲದ ಮನೆಗಳವರು ಹೊರಗಿನ ದೀಪ ಆರಿಸಿಡುವ ಕಟ್ಟಳೆಯನ್ನು ನಿಮ್ಮ ಸುತ್ತೋಲೆಯಲ್ಲಿ ಸೇರಿಸಿ, 'ಎರಡು ಸಾವಿರ ವರ್ಷಗಳ ಪುರಾತನ ಹಬ್ಬ' ಎಂಬ ಸಾಲನ್ನು ತೆಗೆದುಹಾಕಿ.